ದಣಪೆ ದಾಟಿದ ಮೇಲಿನ ವಿಶ್ರಾಂತಿ

ಫೋಟೊದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಹಂಚಿನ ಮಾಡು, ಜಗಲಿ ಕಟ್ಟೆಯ ಮೇಲೆ ಹಿತ್ತಾಳೆ ಲೋಟ, ಲೋಟದಿಂದ ಏಳುತ್ತಿರುವ ಹಬೆ, ಹಿಂದೆ ಮಂಜು ಹೊದ್ದ ಗುಡ್ಡ. ತೀರ್ಥಹಳ್ಳಿ, ಆಗುಂಬೆ ಕಡೆಯ ಇಂಥದೊಂದು ಒಂಟಿಮನೆಯನ್ನು ಪುನರ್ವಸು ಮಳೆಯಲ್ಲಿ ಎರಡು ದಿನಕ್ಕೆ ಹಿಡಿದು, ‘ಏನೂ ಮಾಡದೆ ಸುಮ್ಮನೆ ಬಿದ್ದುಕೊಂಡಿರೋಣ’ ಎಂದು ಹೊರಡುವವರಿಗೆ ಫೋಟೊ ಹೇಳದ ಸಂಗತಿ ಒಂದಿದೆ. ಆ ಹಬೆ ಏಳಬೇಕಾದರೆ ಬೆಳಗಿನಿಂದ ಮೂರು ಜನ ದುಡಿದಿರಬೇಕು. ಮನೆಯವರು ಬೀಗದ ಕೈ ಕೊಟ್ಟು ಗದ್ದೆಯಾಚೆಯ ತಮ್ಮ ಮನೆಗೆ ಹೋದರೆಂದರೆ ಆ ಮೂವರೂ ನೀವೇ.

ಮೊದಲು ದಾರಿ. ಡಾಂಬರಿಗಿಂತ ಮುಂಚೆ ನೆಟ್‌ವರ್ಕ್ ಮುಗಿಯುತ್ತದೆ, ಆದ್ದರಿಂದ ಮ್ಯಾಪ್ ಮೊದಲೇ ಇಳಿಸಿಕೊಂಡಿರಬೇಕು. ಇಳಿಸಿಕೊಂಡರೂ ಅದನ್ನು ಪೂರ್ತಿ ನಂಬಬಾರದು. ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕವೂ ಲಾರಿ ಓಡಾಡುವ ಸೇತುವೆಯೂ ಅದಕ್ಕೆ ಒಂದೇ ಗೆರೆ. ಹಾಗಾದರೆ ಜನರನ್ನು ಕೇಳೋಣವೆಂದರೆ, ‘ಕಾರು ಹೋಗ್ತದಾ?’ ಎಂಬ ಪ್ರಶ್ನೆಗೆ ಮಲೆನಾಡಿನಲ್ಲಿ ಇರುವುದು ಒಂದೇ ಉತ್ತರ: ‘ಹೋಗ್ತದೆ ಮಾರಾಯ್ರೆ, ಎಂಥ ಆಗೂದಿಲ್ಲ.’ ಕೇಳಬೇಕಾದ್ದು ‘ನಿನ್ನೆ ಯಾವ ಗಾಡಿ ಹೋಯ್ತು?’ ಎಂದು. ‘ಜೀಪು’ ಎಂದರೆ ಕಾರನ್ನು ಅಲ್ಲೇ ಬಿಟ್ಟು ಜೀಪಿಗೆ ಹೇಳಿ ಕಳಿಸಿ. ‘ಟಿಲ್ಲರ್’ ಎಂದರೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ.

ಕಾರೇ ಬೇಕೆಂದು ಹಟ ಹಿಡಿದವರಿಗೆ ಕೆಮ್ಮಣ್ಣಿನ ಏರು ಕಾದಿರುತ್ತದೆ. ಸಾಮಾನ್ಯವಾಗಿ ಸಣ್ಣ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜಾರುತ್ತದೆ, ಜೊತೆಗೆ ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ನಾಲ್ಕು ಬ್ಯಾಗು. ಮುಂದಿನ ಚಕ್ರ ಹಗುರಾಗಿ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ. ಓಡಿಸುವವರು ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿಯುತ್ತಾರೆ, ಕ್ಲಚ್ ಪ್ಲೇಟ್ ಕಾದು ಕಮಟು ಏಳುತ್ತದೆ. ಆ ವಾಸನೆಯನ್ನು ಮಲೆನಾಡಿನ ಸೊಗಡೆಂದು ಮೂಗರಳಿಸಿ ಎಳೆದುಕೊಂಡವರೂ ಇದ್ದಾರೆ. ಮಾಡಬೇಕಾದ್ದು ಇಷ್ಟು: ಎಲ್ಲರೂ ಇಳಿಯುವುದು, ಕಾರನ್ನು ಕೆಳಗಿನ ಸಮತಟ್ಟಿಗೆ ತಂದು ಮೊದಲನೇ ಗೇರಿನಲ್ಲಿ ಒಂದೇ ಹದದಲ್ಲಿ ನಿಲ್ಲಿಸದೆ ಹತ್ತಿಸುವುದು. ಆಗಲೂ ಹತ್ತದಿದ್ದರೆ ಕಾರು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸಬೇಕು. ಈಗ ಎಳೆಯುವ ಚಕ್ರ ಇಳಿಜಾರಿನ ಕೆಳಬದಿಗೆ ಬಂದು ಭಾರ ಅದರ ಮೇಲೇ ಕೂರುತ್ತದೆ, ಹಿಡಿತ ಸಿಗುತ್ತದೆ. ಬೆನ್ನು ಮುಂದೆ ಮಾಡಿಕೊಂಡು ಗುಡ್ಡ ಹತ್ತುವ ಕಾರು, ಅದರ ಜೊತೆಗೆ ಕೊಡೆ ಹಿಡಿದು ಬರಿಗಾಲಲ್ಲಿ ನಡೆಯುವ ಸಂಸಾರ. ಮುಂದೊಂದು ವಾದ್ಯ ಇದ್ದಿದ್ದರೆ ಸಣ್ಣ ತೇರೇ.

ಏರು ಮುಗಿದಲ್ಲಿ ದಣಪೆ. ಎರಡು ಕಂಬ, ಕಂಬದ ತೂತುಗಳಲ್ಲಿ ಅಡ್ಡ ತೂರಿಸಿದ ಮೂರೋ ನಾಲ್ಕೋ ಗಳು, ಅಂದರೆ ಉದ್ದ ಕೋಲು. ಪೇಟೆಯವರಿಗೆ ಇದು ಮುರಿದ ಬೇಲಿಯಂತೆ ಕಾಣುವುದರಿಂದ, ಸರಿಸಿ ಒಳಗೆ ಹೋದವರು ಹಾಗೇ ಬಿಟ್ಟುಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಪಕ್ಕದ ಮನೆಯ ದನಗಳು ತೋಟದ ಬಾಳೆಯಲ್ಲಿ ಊಟಕ್ಕೆ ಕೂತಿರುತ್ತವೆ. ಅವಕ್ಕೆ ಬುಕಿಂಗ್ ಬೇಡ.

ಗಳು ಸರಿಸುವಾಗ ಎರಡೂ ಕೈಗೆ ಕೆಲಸ. ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಬೇಕಾದ್ದೂ ಅದೇ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ಗೊತ್ತಾಗುವುದು ಒಳಗೆ ಬಂದು ಸಿಮೆಂಟು ನೆಲದ ಮೇಲೆ ಕೆಂಪು ಹೆಜ್ಜೆ ಕಂಡಾಗ. ಎಳೆದು ಕೀಳಬೇಡಿ. ಕಚ್ಚಿಕೊಂಡಿರುವಾಗಲೇ ಉಪ್ಪು ಸುರಿಯುವುದೂ ಒಳ್ಳೆಯದಲ್ಲ, ಕುಡಿದದ್ದನ್ನು ಅದು ಗಾಯದೊಳಕ್ಕೇ ಕಕ್ಕಬಹುದು. ಸಪೂರ ತುದಿ ಬಾಯಿ. ಅದರ ಬುಡಕ್ಕೆ ಉಗುರು ಹಾಕಿ ಪಕ್ಕಕ್ಕೆ ಸರಿಸಿ, ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ಅದರ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಇಂಬಳ ಬಿಟ್ಟು ಹೋದ ಮೇಲೂ ಬಹಳ ಹೊತ್ತು ಸೋರುತ್ತಿರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ಸಡಿಲ ನೇಯ್ಗೆಯ ಕಾಲುಚೀಲದ ಸಂದಿಯಲ್ಲೂ ನುಸುಳುವ ಜಾತಿ ಇದು. ಒತ್ತು ನೇಯ್ಗೆಯ ಬಟ್ಟೆಯ ಚೀಲವನ್ನು ಪ್ಯಾಂಟಿನ ಮೇಲಿಂದ ಮೊಣಕಾಲಿನವರೆಗೆ ಕಟ್ಟಬೇಕು. ಹೊಗೆಸೊಪ್ಪಿನ ನೀರು, ಉಪ್ಪಿನ ಗಂಟು ಎಲ್ಲವೂ ಮುಂದಿನ ಮಳೆಯವರೆಗೆ ಮಾತ್ರ ಔಷಧ, ಮತ್ತು ಮುಂದಿನ ಮಳೆ ಹತ್ತು ನಿಮಿಷದಲ್ಲಿದೆ. ಹಾಗಾದರೆ ಬೇಸಿಗೆಯಲ್ಲೇ ಬರುತ್ತೇವೆ ಅನ್ನುವವರಿಗೆ ಉಣುಗು, ಅಂದರೆ ಉಣ್ಣೆ ಹುಳ, ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಆ ಹೋಲಿಕೆಯಲ್ಲಿ ಇಂಬಳ ಸಭ್ಯ ಜೀವಿ.

ಇನ್ನು ನೀರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಬೆಂಗಳೂರಿಗೆ 1,000ದ ಆಸುಪಾಸು. ಇಷ್ಟು ನೀರು ಬೀಳುವ ಊರಿನಲ್ಲಿ ಮಳೆ ಜೋರಾದಾಗಲೇ ನಲ್ಲಿ ನಿಲ್ಲುತ್ತದೆ. ನಲ್ಲಿಗೆ ಬರುವುದು ಗುಡ್ಡದ ಅಬ್ಬಿ ನೀರು, ಅಂದರೆ ಝರಿಯ ನೀರು. ಹಿಂದೆ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ. ಪಂಪಿಲ್ಲ, ಕರೆಂಟು ಬೇಡ, ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಪ್ರೆಶರ್ ತಾನಾಗಿಯೇ ಸಿಗುತ್ತದೆ. ಆದರೆ ಹಳ್ಳ ಏರಿದಾಗ ತರಗೆಲೆ, ಮರಳು ಬಂದು ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆಯನ್ನು ಮುಚ್ಚುತ್ತವೆ. ಕೆಲವೊಮ್ಮೆ ಏಡಿಯೊಂದು ಒಳಗೇ ಸಂಸಾರ ಹೂಡುತ್ತದೆ. ಬಾಯಿ ನೀರಿನಿಂದ ಮೇಲೆದ್ದರೆ ಗಾಳಿ ಒಳಗೆ ಹೋಗಿ ಪೈಪು ಎಲ್ಲೆಲ್ಲಿ ಗೂನು ಬಿದ್ದಿದೆಯೋ ಅಲ್ಲಲ್ಲಿ ಕೂರುತ್ತದೆ. ಜಾಳಿಗೆ ತೊಳೆದ ಮೇಲೂ ನೀರು ಬರಲಿಲ್ಲವೆಂದರೆ ಕಾರಣ ಆ ಗಾಳಿ. ಬಾಯಿಯ ಮೇಲೆ ಕಲ್ಲು ಹೇರಿ ಮುಳುಗಿಸಿ, ಮೇಲಿನಿಂದ ಇಳಿಯುತ್ತಾ ಪ್ರತಿ ಗೂನಿನ ಹತ್ತಿರ ಜಾಯಿಂಟ್ ಸಡಿಲಿಸಿ. ಮೊದಲು ‘ಬುಸ್’, ಆಮೇಲೆ ನಿಮ್ಮ ಮುಖಕ್ಕೇ ನೀರು. ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಮುಂದಿನ ಗೂನಿಗೆ ಹೋಗಿ. ಕೆಳಗೆ ಬರುವಷ್ಟರಲ್ಲಿ ಸ್ನಾನ ಆಗಿರುತ್ತದೆ, ಆದರೆ ತಣ್ಣೀರಿನದು.

ಬಿಸಿನೀರಿಗೆ ಬಚ್ಚಲೊಲೆ ಇದೆ. ಮೊದಲು ಹಂಡೆಗೆ ನೀರು, ಆಮೇಲೆ ಬೆಂಕಿ. ಇದರ ಕ್ರಮ ತಪ್ಪಿದವರಿದ್ದಾರೆಂದೇ ಬರೆಯಬೇಕಾಯಿತು. ಒಣ ಸೋಗೆಗೆ ಕಡ್ಡಿ ಗೀರಿ, ಅದರ ಮೇಲೆ ಅಡಿಕೆ ಸಿಪ್ಪೆ, ಅದು ಕೆಂಡವಾದ ಮೇಲೆ ದಪ್ಪ ಕಟ್ಟಿಗೆಯ ಕುಂಟೆ. ಉತ್ಸಾಹದಲ್ಲಿ ಒಲೆಯ ಬಾಯಿ ತುಂಬ ಕಟ್ಟಿಗೆ ತುರುಕಿದರೆ ಗಾಳಿಯಾಡದೆ ಮನೆಯಿಡೀ ಹೊಗೆ. ಕುಂಟೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಡಿಯಲ್ಲಿ ಸಂದಿ ಬಿಡಬೇಕು. ದೊಡ್ಡ ಹಂಡೆ ಕಾಯಲು ಮುಕ್ಕಾಲು ಗಂಟೆಯಾದರೂ ಬೇಕು. ಹಂಡೆಯ ಕಾನೂನು ಒಂದೇ: ಬಿಸಿನೀರು ತೆಗೆದಷ್ಟು ತಣ್ಣೀರು ಹಾಕಬೇಕು. ಆರು ಜನರ ಪೈಕಿ ಐವರು ತೆಗೆದು ಒಬ್ಬರೂ ಹಾಕದಿದ್ದರೆ, ಆರನೆಯವರಿಗೆ ತಳದಲ್ಲಿ ಎರಡು ಚೊಂಬು ಕುದಿನೀರು ಉಳಿದಿರುತ್ತದೆ. ಅದೂ ಮುಗಿದು ಬೆಂಕಿ ಉರಿಯುತ್ತಿದ್ದರೆ ಹಳೆಯ ತಾಮ್ರದ ಹಂಡೆಯ ಬೆಸುಗೆ ಬಿಟ್ಟು, ಬಿಲ್ಲಿನಲ್ಲಿ ಹೊಸ ಸಾಲು ಸೇರುತ್ತದೆ.

ರಾತ್ರಿ ಮಾಡು ಸೋರುತ್ತದೆ, ಸಾಮಾನ್ಯವಾಗಿ ದಿಂಬಿನ ಮೇಲೆ. ಹಗಲು ಮಂಗ ಹಾರಿ ಹಂಚು ಸರಿದಿರುತ್ತದೆ. ಹನಿ ಬಿದ್ದಲ್ಲೇ ತಲೆಯೆತ್ತಿ ತೂತು ಹುಡುಕಿದರೆ ಸಿಗುವುದಿಲ್ಲ. ನೀರು ಮಾಡಿನ ಇಳಿಜಾರು ಮರವಾದ ಪಕಾಸಿನ ಗುಂಟ ಹರಿದು ಬಂದು ಎಲ್ಲೋ ಬೀಳುತ್ತದೆ. ಟಾರ್ಚ್ ಹಿಡಿದು ಒದ್ದೆ ಗೆರೆಯ ಜಾಡನ್ನು ಮೇಲಕ್ಕೆ ಹಿಡಿಯಬೇಕು. ಒಳಗಿನಿಂದಲೇ ಕೋಲಿನಲ್ಲಿ ಮೇಲಿನ ಹಂಚಿನ ಅಂಚನ್ನು ತುಸು ಎತ್ತಿ, ಜಾರಿದ್ದನ್ನು ಅದರಡಿಗೆ ತಳ್ಳಿದರೆ ಹಂಚಿನ ಕಚ್ಚು ಅಡ್ಡಪಟ್ಟಿಯಾದ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಪಾಚಿ ಕಟ್ಟಿದ ಮಾಡಿನ ಮೇಲೆ ಮಳೆಯಲ್ಲಿ ಹತ್ತುವ ಶೌರ್ಯ ಬೇಡ. ಬೆಳಗಾಗಲಿ ಅಂದುಕೊಂಡು ಪಾತ್ರೆ ಇಟ್ಟರೆ ‘ಟಣ್’ ಎಂಬ ಸದ್ದು ನಿದ್ದೆ ಕೊಲ್ಲುತ್ತದೆ. ಹನಿಯುವ ಜಾಗದಿಂದ ಪಾತ್ರೆಯವರೆಗೆ ಒಂದು ಹತ್ತಿ ದಾರ ಇಳಿಬಿಡಿ, ನೀರು ಸದ್ದಿಲ್ಲದೆ ದಾರದ ಮೇಲೇ ಇಳಿಯುತ್ತದೆ. ಕಪ್ಪೆಗಳಿಗೆ ಕಟ್ಟುವ ದಾರವನ್ನು ಮಾತ್ರ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೀನ್ಸ್ ತಂದರೆ ಒದ್ದೆ ಜೀನ್ಸ್ ಒಯ್ಯುತ್ತೀರಿ, ಬಚ್ಚಲೊಲೆಯ ಮೇಲೆ ಒಣಗಿಸಿದರೆ ಹೊಗೆ ಹಾಕಿದ ಜೀನ್ಸ್ ಒಯ್ಯುತ್ತೀರಿ. ಊಟದ ಬಗ್ಗೆ ದೂರೇ ಇಲ್ಲ. ಕೆಸುವಿನ ಎಲೆ ಕೊಯ್ದು ನಾವೇ ಪತ್ರೊಡೆ ಮಾಡುತ್ತೇವೆ ಎಂದು ಹೊರಟವರು ಮಾತ್ರ ಹುಣಸೆಹಣ್ಣಿಗೆ ಕೈ ಬಿಗಿ ಹಿಡಿಯಬಾರದು, ಬೇಯಿಸಲು ಅವಸರ ಮಾಡಬಾರದು. ಆ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಗಂಟಲು ತುರಿಸುತ್ತಾ ಎಲ್ಲರೂ ಸುಮ್ಮನೆ ಕೂತ ಆ ಒಂದು ಗಂಟೆ, ನೀವು ಹುಡುಕಿಕೊಂಡು ಬಂದ ಮೌನ.

ಭಾನುವಾರ ಮಧ್ಯಾಹ್ನ ಹೊರಡುತ್ತೀರಿ. ಇಳಿಜಾರಾದ್ದರಿಂದ ಕಾರು ಈ ಸಲ ಮರ್ಯಾದೆಯಿಂದ ಮೂತಿ ಮುಂದೆ ಮಾಡಿ ನಿಂತಿದೆ. ಎಲ್ಲರೂ ಹತ್ತಿ, ಕಾಲೊರೆಸಿಕೊಂಡು, ಬಾಗಿಲು ಹಾಕಿಕೊಂಡು, ಗಾಜು ಏರಿಸಿ, ಕಾರು ಕಂಬಗಳನ್ನು ದಾಟಿದ ಮೇಲೆ ಗದ್ದೆಯಾಚೆಯಿಂದ ಕೂಗು ಕೇಳುತ್ತದೆ: ‘ಹೋಯ್, ದಣಪೆ ಹಾಕ್ಕಂಡು ಹೋಗಿ ಮಾರಾಯ್ರೆ!’ ಕಾರಿನೊಳಗೆ ಎಲ್ಲರೂ ಒಬ್ಬರ ಕಾಲನ್ನೊಬ್ಬರು ನೋಡುತ್ತಾರೆ.