ಇಲ್ಲದ ಫ್ರಿಜ್ಜಿನ ಬಾಗಿಲು

ಕಾಗದದ ಮೇಲೆ ಕಿಟಕಿ ಇಡುವುದಕ್ಕೆ ಎರಡು ಗೆರೆ ಸಾಕು. ಒಂದು ಸಂಜೆ ಕೂತು ನಾನು ಹಾಗೆ ಏಳು ಕಿಟಕಿ ಇಟ್ಟಿದ್ದೆ. 12 ಅಡಿಗೆ 10 ಅಡಿಯ ಅಡುಗೆಮನೆಗೆ ಏಳು ಕಿಟಕಿ! ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು. "ಇದು ಅಡುಗೆಮನೆಯೋ, ಬಸ್ಸೋ?" ಅಂದರು.

ಮನೆಯ ಹಿಂದೆ ಖಾಲಿ ಬಿದ್ದಿದ್ದ ಜಾಗದಲ್ಲಿ ಹೊಸ ಅಡುಗೆಮನೆ ಸೇರಿಸಬೇಕು ಅನ್ನುವುದು ನಮ್ಮ ಹಳೆಯ ಆಸೆ. ಇದ್ದ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ನಿಂತು ನೀರು ಕೇಳಬೇಕು. ಕಿಟಕಿ ಏನೋ ಇತ್ತು, ಆದರೆ ಒಲೆಯ ಹಿಂದೆ. ತೆರೆದರೆ ಗಾಳಿಗೆ ಉರಿ ಆರುತ್ತಿತ್ತು, ಮುಚ್ಚಿದರೆ ನಾವೇ ಬೇಯುತ್ತಿದ್ದೆವು. ಪಾತ್ರೆ ತೊಳೆಯುವಾಗಲಂತೂ ಮೂಗಿನ ಮುಂದೆ ಗೋಡೆ. ಅದರ ಒಂದೊಂದು ಬಿರುಕೂ ನನಗೆ ಬಾಯಿಪಾಠ. ಹಾಗಾಗಿ ನನ್ನದು ಒಂದೇ ಹಟ. ಸಿಂಕಿನ ಮುಂದೆ ಕಿಟಕಿ ಇರಬೇಕು, ಕಿಟಕಿಯಾಚೆ ಹಿತ್ತಲ ಮರ ಕಾಣಬೇಕು.

ಅತ್ತೆಯ ಹಟ ಬೇರೆ. ಅವರಿಗೆ ಗೋಡೆ ಬೇಕು. "ಕಿಟಕಿಯಲ್ಲಿ ಡಬ್ಬಿ ನಿಲ್ಲುತ್ತೇನಮ್ಮ?" ಎಂದು ಕೇಳಿದರು. ಮಾತು ಸುಳ್ಳಲ್ಲ. ಒಂದು ಅಡಿ ಕಿಟಕಿ ಇಟ್ಟರೆ ಒಂದು ಅಡಿ ಕಪಾಟು ಹೋಯಿತು. ಕೊನೆಗೆ ಪ್ಲಾನ್ ಬರೆಯುವ ಇಂಜಿನಿಯರ್ ಜಗಳ ಬಿಡಿಸಿದರು. ನೆಲದ ಅಳತೆಯ ಹತ್ತರಲ್ಲಿ ಒಂದು ಭಾಗದಷ್ಟಾದರೂ ಕಿಟಕಿ ಇರಲಿ ಅನ್ನುವುದು ಅವರ ಲೆಕ್ಕ. 120 ಚದರ ಅಡಿಗೆ 12 ಚದರ ಅಡಿ. ಅಂದರೆ 3 ಅಡಿ ಅಗಲ, 4 ಅಡಿ ಎತ್ತರದ ಒಂದೇ ಒಂದು ಕಿಟಕಿ. ಏಳರಿಂದ ಒಂದಕ್ಕೆ ಇಳಿದೆ. ಅತ್ತೆ ಗೆದ್ದ ಮುಖ ಮಾಡಲಿಲ್ಲ. ಆದರೆ ಅವತ್ತೇ ಡಬ್ಬಿ ಎಣಿಸಲು ಕೂತರು.

ಇವರು ಓದಲು ಕೂತರು. ಇವರದ್ದು ಯಾವಾಗಲೂ ಹಾಗೆ. ಒಂದು ಮೊಳೆ ಹೊಡೆಯಬೇಕಾದರೂ ಮೊದಲು ಸುತ್ತಿಗೆಯ ಚರಿತ್ರೆ ಓದಬೇಕು. ಒಲೆ, ಸಿಂಕು, ಫ್ರಿಜ್ಜು ಮೂರೂ ಸೇರಿ ಒಂದು ತ್ರಿಕೋನ ಆಗಬೇಕಂತೆ. ಅದರ ಒಂದೊಂದು ಬದಿ 4 ಅಡಿಗಿಂತ ಕಡಿಮೆಯಿಲ್ಲ, 9 ಅಡಿಗಿಂತ ಜಾಸ್ತಿಯಿಲ್ಲ. ಮೂರೂ ಕೂಡಿದರೆ 26 ಅಡಿ ದಾಟಬಾರದು. ಇದನ್ನು ಹೇಳುವಾಗ ಇವರ ಕೈಯಲ್ಲಿ ಕಡ್ಡಿ ಬೇರೆ ಇತ್ತು, ಗಣಿತದ ಮೇಷ್ಟ್ರ ಹಾಗೆ. ಆಮೇಲೆ ಫ್ರಾಂಕ್‌ಫರ್ಟ್ ಕತೆ ಶುರುವಾಯಿತು. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎನ್ನುವ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಆ ಊರಿನ ಹೊಸ ಮನೆಗಳಿಗಾಗಿ ಪುಟ್ಟ ಅಡುಗೆಮನೆಯೊಂದನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೇ. ಕಿಟಕಿಯ ಕೆಳಗೇ ಕೆಲಸದ ಹಲಗೆ, ಕೂತು ತರಕಾರಿ ಹೆಚ್ಚಲು ತಿರುಗುವ ಸ್ಟೂಲು. ಇವತ್ತಿನ ಅಡುಗೆಮನೆಗಳಿಗೆಲ್ಲ ಅದೇ ಮೂಲ ಎಂದು ಹೇಳುತ್ತಾರೆ. ಅದನ್ನು ರೂಪಿಸುವವರೆಗೆ ತಾನು ಅಡುಗೆಯನ್ನೇ ಮಾಡಿರಲಿಲ್ಲ ಎಂದು ಆಕೆಯೇ ಆಮೇಲೆ ಹೇಳಿಕೊಂಡಿದ್ದರು. ಇದನ್ನು ಓದಿದ್ದೇ ಇವರಿಗೆ ಎಲ್ಲಿಲ್ಲದ ಧೈರ್ಯ ಬಂತು. ನೀರು ಕಾಯಿಸಲೂ ಒಲೆ ಹಚ್ಚದ ಮನುಷ್ಯ ಅವತ್ತಿನಿಂದ ನನಗೆ ಸಿಂಕ್ ಎಲ್ಲಿರಬೇಕು ಎಂದು ಹೇಳತೊಡಗಿದರು.

ಜಗಳ ತೀರಲಿ ಎಂದು ಒಂದು ಭಾನುವಾರ ಬೆಳಿಗ್ಗೆ ಹಿತ್ತಲಲ್ಲೇ ಸುಣ್ಣದ ಪುಡಿಯಿಂದ ಪೂರ್ತಿ ಅಳತೆಯ ಅಡುಗೆಮನೆ ಬರೆದೆವು. ಇಲ್ಲಿ ಕಟ್ಟೆ, ಇಲ್ಲಿ ಸಿಂಕು, ಇಲ್ಲಿ ಬಾಗಿಲು. ಆಮೇಲೆ ಮೂವರೂ ಒಳಗೆ ಹೋಗಿ ಅಡುಗೆ ಮಾಡಿದೆವು. ನಾನು ಇಲ್ಲದ ನಲ್ಲಿ ತಿರುಗಿಸಿ ಇಲ್ಲದ ಪಾತ್ರೆ ತೊಳೆದೆ. ಅತ್ತೆ ಇಲ್ಲದ ಕಪಾಟಿನಿಂದ ಡಬ್ಬಿ ಇಳಿಸಿದರು. ಮುಚ್ಚಳ ಬಿಗಿಯಾಗಿದೆ ಎಂದು ಮುಖವನ್ನೂ ಕಿವುಚಿದರು, ನಾನು ನೋಡಿದ್ದೇನೆ. ಇವರು ನೇರವಾಗಿ ನಡೆದು ಬಂದರು.

"ರೀ, ಗೋಡೆ!" ಅಂದೆ.

ಪಾಪ, ವಾಪಸ್ಸು ಹೋಗಿ ಬಾಗಿಲಿನಿಂದಲೇ ಬಂದರು. ಬಂದವರು ಫ್ರಿಜ್ಜಿನ ಬಾಗಿಲು ತೆಗೆದರು. ಅದೇ ಹೊತ್ತಿಗೆ ನಾನು ಒಲೆಯ ಕೆಳಗಿನ ಡ್ರಾಯರ್ ಎಳೆದೆ. ಇಬ್ಬರ ಸೊಂಟವೂ ಢಿಕ್ಕಿ ಹೊಡೆಯಿತು. ಬಾಗಿಲೂ ಇಲ್ಲ, ಡ್ರಾಯರೂ ಇಲ್ಲ, ಸೊಂಟ ಮಾತ್ರ ನಿಜ. ಒಬ್ಬರೇ ಅಡುಗೆ ಮಾಡುವುದಾದರೆ ಓಡಾಡುವ ಜಾಗ 42 ಇಂಚು, ಇಬ್ಬರಾದರೆ 48 ಇಂಚು ಬೇಕು ಎಂದು ಇವರು ಓದಿದ್ದರು. ನಾವು ಬಿಟ್ಟಿದ್ದು 36. ಕಾಲಲ್ಲಿ ಸುಣ್ಣ ಉಜ್ಜಿ ಕಟ್ಟೆಯನ್ನು ಒಂದು ಅಡಿ ಹಿಂದೆ ಸರಿಸಿದೆವು. ಸುಣ್ಣದ ಕಟ್ಟೆ ಸರಿಸುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ಆಗಲೇ ನೋಡಿದ್ದು, ಕಾಂಪೌಂಡ್ ಗೋಡೆಯ ಮೇಲೆ ಒಂದು ತಲೆ. ಹಿಂದಿನ ಮನೆಯ ಅಕ್ಕ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. "ಏನಿಲ್ಲ ಅಕ್ಕಾ, ಸುಮ್ನೆ" ಅಂದೆ. ಇಲ್ಲದ ಸೌಟು ಇನ್ನೂ ನನ್ನ ಕೈಯಲ್ಲೇ ಇತ್ತು.

ಕೆಲಸ ಶುರುವಾಯಿತು. ಪಾಯ ಎದ್ದಿತು, ಗೋಡೆ ಸೊಂಟದವರೆಗೆ ಬಂತು. ಮೇಸ್ತ್ರಿ ಟೇಪು ಹಿಡಿದು ಕೇಳಿದರು. "ಅಮ್ಮಾ, ಕಿಟಕಿ ನೆಲದಿಂದ ಎಷ್ಟು ಮೇಲೆ?"

"36 ಇಂಚು."

"ಯಾವ ನೆಲ?"

ನನಗೆ ನಗು ಬಂತು. "ನೆಲ ಅಂದ್ರೆ ನೆಲ, ಅದ್ರಲ್ಲಿ ಎರಡು ಥರ ಇರುತ್ತಾ?" ಅಂದೆ. ಮೇಸ್ತ್ರಿ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಗುರುತು ಹಾಕಿ ಹೋದರು.

ಎರಡು ಥರ ಇರುತ್ತದೆ. ಒಂದು ಈಗ ಕಾಲ ಕೆಳಗಿರುವ ಕಾಂಕ್ರೀಟು. ಇನ್ನೊಂದು ಗಾರೆ ಹಾಸಿ, ಟೈಲ್ಸ್ ಕೂರಿಸಿದ ಮೇಲೆ ಬರುವ ನೆಲ. ನಮ್ಮಲ್ಲಿ ಇವೆರಡರ ನಡುವೆ 3 ಇಂಚು. ಕಿಟಕಿಯನ್ನು ಅಳೆದದ್ದು ಮೊದಲನೆಯದರಿಂದ. ಕಟ್ಟೆಯ 34 ಇಂಚನ್ನು ಅಳೆದದ್ದು ಎರಡನೆಯದರಿಂದ. ಕೂಡಿಸಿ ನೋಡಿದರೆ ಕಟ್ಟೆ ಕಿಟಕಿಯ ಚೌಕಟ್ಟಿಗಿಂತ ಒಂದು ಇಂಚು ಮೇಲೆ! ಕಟ್ಟೆಯ ಕಲ್ಲು ತಂದು ಹಿಡಿದ ದಿನ ಇದು ಗೊತ್ತಾಯಿತು. ಎಷ್ಟೋ ದಿನಗಳ ಹಿಂದೆ ನಾನು ನಕ್ಕಿದ್ದಕ್ಕೆ ಮೇಸ್ತ್ರಿ ಅವತ್ತು ನಗಬಹುದಿತ್ತು. ನಗಲಿಲ್ಲ, ದೊಡ್ಡ ಮನುಷ್ಯ. "ಚೌಕಟ್ಟು ಕೀಳಬೇಕಾಗುತ್ತೆ ಅಮ್ಮಾ" ಅಂದರು ಅಷ್ಟೇ.

ಚೌಕಟ್ಟನ್ನು ಸುಮ್ಮನೆ ಮೇಲಕ್ಕೆ ತಳ್ಳೋಣ ಅಂದರೆ ತಲೆಯ ಮೇಲೆ ಲಿಂಟಲ್, ಅಂದರೆ ಮೇಲಿನ ಗೋಡೆ ಹೊರುವ ಕಾಂಕ್ರೀಟ್ ತೊಲೆ, ಕೂತಿದೆ. ಕಟ್ಟೆಗೂ ಕಿಟಕಿಗೂ ನಡುವೆ ನಾಲ್ಕು ಇಂಚಾದರೂ ಇಲ್ಲದಿದ್ದರೆ ಸಿಂಕಿನ ನೀರೆಲ್ಲ ಚೌಕಟ್ಟಿಗೆ ಸಿಡಿಯುತ್ತದೆ. ಹಾಗಾಗಿ ಕೆಳಗೆ ಐದು ಇಂಚು ಗೋಡೆ ಏರಿಸಿ, ಕಿಟಕಿಯನ್ನೇ ಐದು ಇಂಚು ಕುಳ್ಳ ಮಾಡಿಸಿದೆವು. 12 ಚದರ ಅಡಿಯ ನನ್ನ ಕಿಟಕಿ ಈಗ 11 ಕೂಡ ಇಲ್ಲ. "ಅಷ್ಟು ಗೋಡೆ ಜಾಸ್ತಿ ಸಿಕ್ತಲ್ಲ" ಎಂದರು ಅತ್ತೆ.

ಕಿಟಕಿಯ ಬಾಗಿಲು ಒಳಕ್ಕೋ ಹೊರಕ್ಕೋ ಅನ್ನುವುದಕ್ಕೆ ಇನ್ನೊಂದು ವಾರ. ಒಳಕ್ಕೆ ತೆರೆದರೆ ಇವರು ಇಷ್ಟಪಟ್ಟು ತಂದ ಕೊಕ್ಕರೆ ಕತ್ತಿನ ನಲ್ಲಿಗೆ ಬಡಿಯುತ್ತದೆ. ಪಕ್ಕಕ್ಕೆ ಜಾರುವ ಬಾಗಿಲು ಹಾಕಿದರೆ ಯಾವಾಗಲೂ ಅರ್ಧ ಕಿಟಕಿ ಮುಚ್ಚಿಯೇ ಇರುತ್ತದೆ. ಇದ್ದದ್ದರಲ್ಲೂ ಅರ್ಧ ಕೊಡಲು ನಾನು ತಯಾರಿರಲಿಲ್ಲ. ಹೊರಕ್ಕೆ ಎಂದೆ. ಎರಡು ಅಡಿ ಕಟ್ಟೆ, ಅದರಾಚೆ ಗೋಡೆಯ ದಪ್ಪ. ಚಿಲಕಕ್ಕೆ ನನ್ನ ಕೈ ಸಿಗುವುದು ತುದಿಗಾಲಲ್ಲಿ ನಿಂತರೆ ಮಾತ್ರ. ಅತ್ತೆಗೆ ಅದೂ ಇಲ್ಲ. ಅವರು ಉದ್ದನೆಯ ಸೌಟಿನಿಂದ ಚಿಲಕ ತಳ್ಳುತ್ತಾರೆ. ಈಗ ಆ ಸೌಟು ಅಡುಗೆಗೆ ಸಿಗುವುದಿಲ್ಲ.

ಇಷ್ಟರ ನಡುವೆ ಒಂದು ಮಧ್ಯಾಹ್ನ ಊಟದ ಕೋಣೆಗೆ ಹೋದ ಇವರು ದೀಪ ಹಾಕಿದರು. ಗಂಟೆ 12. ಹೊರಗೆ ಸುಡುವ ಬಿಸಿಲು. ಇವರು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತರು. ನಾನೂ ಹೋಗಿ ನಿಂತೆ. ಊಟದ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಹಿಂದಿನ ಗೋಡೆಯಲ್ಲಿ. ಆ ಗೋಡೆಗೇ ನಾವು ಹೊಸ ಅಡುಗೆಮನೆ ಅಂಟಿಸಿದ್ದೆವು. ಹಿತ್ತಲಿಗೆ ತೆರೆಯುತ್ತಿದ್ದ ಕಿಟಕಿ ಈಗ ನೇರವಾಗಿ ಒಲೆಗೆ ತೆರೆಯುತ್ತದೆ. ಪ್ಲಾನನ್ನು ಮೂವರೂ ಇಪ್ಪತ್ತು ಸಲ ನೋಡಿದ್ದೆವು. ಆ ಕಿಟಕಿ ಅದರಲ್ಲಿ ಇತ್ತು ಕೂಡ. ಕಾಗದದ ಮೇಲೆ ಅದೂ ಎರಡೇ ಗೆರೆ.

ಬಾಗಿಲು ಕಿತ್ತು ಅದನ್ನು ಪಾತ್ರೆ ದಾಟಿಸುವ ಕಿಂಡಿ ಮಾಡಿದೆವು. ಅತ್ತೆಗೆ ಪರಮ ಖುಷಿ. ಊಟದ ಮೇಜಿನ ಹತ್ತಿರ ಕೂತಲ್ಲಿಂದಲೇ ಒಲೆಯ ಮೇಲೆ ಕಣ್ಣಿಡಬಹುದು, ಸಲಹೆ ಕೊಡಬಹುದು. "ಟಿಕೆಟ್ ಕೌಂಟರೂ ಸಿಕ್ತು, ನಿನ್ನ ಬಸ್ಸಿಗೆ ಇನ್ನೇನು ಬೇಕು?" ಅಂದರು.

ಮೊದಲ ದಿನ ಸಂಜೆ ಐದಕ್ಕೆ ನಾನು ಸಿಂಕಿನ ಮುಂದೆ ನಿಂತೆ. ಇಷ್ಟೆಲ್ಲ ಆದದ್ದು ಇದಕ್ಕಾಗಿಯೇ ತಾನೇ. ಕಣ್ಣು ಬಿಡಲಾಗಲಿಲ್ಲ. ಕಿಟಕಿ ಪಶ್ಚಿಮಕ್ಕಿದೆ, ಸುಣ್ಣದ ಅಡುಗೆ ಮಾಡಿದ್ದು ಬೆಳಿಗ್ಗೆ. ಬಿಸಿಲು ಬರುತ್ತದೆ ಎಂದು ಇಂಜಿನಿಯರ್ ಸಜ್ಜಾ ಏನೋ ಹಾಕಿಸಿದ್ದರು. ಆದರೆ ಸಂಜೆ ಸೂರ್ಯ ಇಳಿದು, ಸಜ್ಜಾದ ಕೆಳಗಿನಿಂದ ನೇರ ಒಳಗೆ ಬರುತ್ತಾನೆ. ಬಿಸಿಲು ತಡೆಯದ ಆ ಸಜ್ಜಾ ಮರವನ್ನು ಮಾತ್ರ ಚೆನ್ನಾಗಿ ತಡೆಯಿತು. ಎಲೆಯೆಲ್ಲ ಅದರ ಮೇಲೆ. ನನ್ನ ಪಾಲಿಗೆ ಬಂದದ್ದು ಕಾಂಡ.

ಸೂರ್ಯ ಮುಳುಗಿದ ಮೇಲೆ ಕಣ್ಣು ಬಿಟ್ಟು ನೋಡಿದೆ. ಹಳೆ ಮನೆಯ ಮಟ್ಟಕ್ಕೆ ಸರಿಹೋಗಲಿ ಎಂದು ಹೊಸ ಅಡುಗೆಮನೆಯನ್ನು ಎರಡೂವರೆ ಅಡಿ ಏರಿಸಿದ್ದರು. ಸುಣ್ಣದ ಅಡುಗೆಮನೆಯಲ್ಲಿ ನಿಂತಾಗ ನನ್ನ ಕಣ್ಣಿಗೆ ಅಡ್ಡ ಇದ್ದ ಕಾಂಪೌಂಡ್ ಗೋಡೆ ಈಗ ಎದೆಯ ಮಟ್ಟಕ್ಕೆ ಇಳಿದಿತ್ತು. ಅದರಾಚೆ ಒಂದು ಕಿಟಕಿ. ಕಿಟಕಿಯ ಹಿಂದೆ ಸಿಂಕು. ಸಿಂಕಿನ ಮುಂದೆ ಹಿಂದಿನ ಮನೆಯ ಅಕ್ಕ, ಪಾತ್ರೆ ತೊಳೆಯುತ್ತ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಒದ್ದೆ ಕೈ ಎತ್ತಿದೆ. ಅವರು ಪಾತ್ರೆ ಕೆಳಗಿಟ್ಟರು. ಸೆರಗಿಗೆ ಕೈ ಒರೆಸಿಕೊಂಡರು. ಪಕ್ಕಕ್ಕೆ ತಿರುಗಿ, ಇಲ್ಲದ ಫ್ರಿಜ್ಜಿನ ಬಾಗಿಲು ತೆಗೆದು, ಸೊಂಟ ಒಂದು ಸಲ ಕುಲುಕಿ, ಮತ್ತೆ ಪಾತ್ರೆ ತೊಳೆಯಲು ನಿಂತರು.