ಬೆನ್ನ ಮೇಲೆ ಹತ್ತು ಕೆ.ಜಿ. ಸೋನಾ ಮಸೂರಿ

"ರೀ, ಅಕ್ಕಿ ಎಲ್ಲಿ?" ಎಂದು ಹೆಂಡತಿ ಫೋನ್ ಮಾಡಿದಾಗ ನಾನು ಐದನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ.

"ನನ್ನ ಹತ್ರಾನೇ ಇದೆ. ತರ್ತಾ ಇದ್ದೀನಿ."

"ಕುಕ್ಕರ್ ಇಡಬೇಕು. ಬೇಗ ಇಳೀರಿ."

ವಿಷಯ ಇಷ್ಟು. ಏಪ್ರಿಲ್‌ನಲ್ಲಿ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ನಡೆಯೋಣ ಎಂದು ನಾನೂ ಆಫೀಸಿನ ಇಬ್ಬರು ಗೆಳೆಯರೂ ತೀರ್ಮಾನಿಸಿದ್ದೆವು. ಎರಡು ವಾರದ ನಡಿಗೆ. ನಡುವೆ ಥೊರೊಂಗ್ ಲಾ ಎಂಬ, ಶಿಖರಗಳ ನಡುವಿನ ಎತ್ತರದ ಕಣಿವೆದಾರಿ ದಾಟಬೇಕು. ಅದರ ಎತ್ತರ 5,416 ಮೀಟರ್. ನಮ್ಮ ನಂದಿಬೆಟ್ಟ 1,478. ಮೂರು ನಂದಿಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಹತ್ತಿರ ಹತ್ತಿರ ಸಾವಿರ ಮೀಟರ್ ಬಾಕಿ ಉಳಿಯುತ್ತದೆ. ನಾನು ನಂದಿಬೆಟ್ಟಕ್ಕೆ ಇದುವರೆಗೆ ಹೋಗಿದ್ದೆಲ್ಲ ಕಾರಿನಲ್ಲಿ.

"ಬ್ಯಾಗಿಗೆ ಭಾರ ತುಂಬಿಕೊಂಡು ದಿನಾ ಮೆಟ್ಟಿಲು ಹತ್ತು" ಎಂದ ಒಬ್ಬ ಗೆಳೆಯ. ಅವನು ಈ ದಾರಿಯಲ್ಲಿ ಮೊದಲೇ ಹೋಗಿ ಬಂದವನು. ಹೊಸ ಬ್ಯಾಗು, ಎಂಟು ಸಾವಿರ ಕೊಟ್ಟಿದ್ದು. ಅದರೊಳಗೆ ಇಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ. ಅಡುಗೆಮನೆಯಿಂದ ಐದು ಕೆ.ಜಿ.ಯ ಎರಡು ಅಕ್ಕಿ ಪ್ಯಾಕೆಟ್ ತಂದು ಒಳಗಿಟ್ಟೆ. ದಿನಕ್ಕೆ ಹತ್ತು ಸಲ ಹತ್ತಬೇಕು, ಹತ್ತು ಸಲ ಇಳಿಯಬೇಕು.

ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಬ್ಯಾಗ್ ಹೊತ್ತವನನ್ನು ಕಂಡರೆ ಜನ ಕೇಳುವುದು ಒಂದೇ ಪ್ರಶ್ನೆ. "ಊರಿಗಾ ಸಾರ್?" ಇಲ್ಲ, ಸುಮ್ನೆ ಎಂದರೆ ಯಾರೂ ನಂಬುವುದಿಲ್ಲ. ನಾಲ್ಕನೇ ದಿನ ಮೂರನೇ ಮಹಡಿಯ ಅಜ್ಜಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರಂತೆ: "ಮನೇಲಿ ಎಲ್ಲ ಸರಿ ಇದೆ ಅಲ್ವೇನಮ್ಮಾ? ದಿನಾ ಬ್ಯಾಗ್ ತಗೊಂಡು ಹೊರಡ್ತಾರೆ, ಗೇಟಿನ ತನಕ ಹೋಗ್ತಾರೆ, ಪಾಪ ವಾಪಸ್ ಬಂದ್ಬಿಡ್ತಾರೆ."

ಜನವರಿಯಲ್ಲಿ ನಿಜವಾದ ಬೆಟ್ಟದ ಮೇಲೆ ಪರೀಕ್ಷೆ ಮಾಡೋಣ ಎಂದು ಕುಮಾರ ಪರ್ವತಕ್ಕೆ ಹೊರಟೆವು. 1,712 ಮೀಟರ್ ಎಂದರೆ ಅಷ್ಟೇನಾ ಅನ್ನಿಸಬಹುದು. ಆದರೆ ಹತ್ತಲು ಶುರುಮಾಡುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಹಾಗಾಗಿ ಹೆಚ್ಚುಕಡಿಮೆ ಅಷ್ಟೂ ಎತ್ತರವನ್ನು ಕಾಲಲ್ಲೇ ಹತ್ತಬೇಕು. ದಾರಿ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ತಲುಪುವಷ್ಟರಲ್ಲೇ ನನ್ನ ಭುಜ ಎರಡೂ ಉರಿಯುತ್ತಿದ್ದವು. ಅಲ್ಲಿ ಅನ್ನ ಸಾರು ಉಣ್ಣಲು ಕೂತಾಗ ಹವಾಯಿ ಚಪ್ಪಲಿ ಹಾಕಿದ್ದ ಒಬ್ಬ ಹುಡುಗ ನನ್ನ ಬ್ಯಾಗನ್ನೇ ನೋಡುತ್ತಿದ್ದ.

"ಅದು ಸೊಂಟಕ್ಕೆ ಕಟ್ಟುವ ಬೆಲ್ಟ್ ಅಲ್ವಾ? ನೀವು ಎಂತಕ್ಕೆ ನೇತು ಹಾಕಿದ್ದು?"

ನಾನು ಒಂದು ತಿಂಗಳಿಂದ ಅದನ್ನು ಅಲಂಕಾರ ಎಂದುಕೊಂಡಿದ್ದೆ. ಎರಡೂ ಪಟ್ಟಿ ಎಳೆದು ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕಟ್ಟಿಕೊಂಡು ಎದ್ದೆ. ಭಾರವೆಲ್ಲ ಭುಜದಿಂದ ಜಾರಿ ಸೊಂಟಕ್ಕೆ ಬಂದು ಕೂತಿತು. ಒಂದು ಕ್ಷಣ ಯಾರೋ ಹಿಂದಿನಿಂದ ಬ್ಯಾಗ್ ಎತ್ತಿ ಹಿಡಿದಿದ್ದಾರೇನೋ ಎಂದು ತಿರುಗಿಯೂ ನೋಡಿದೆ. ಮಳೆ ಕೋಟು ಹೊರಗೆ ತೆಗೆದಾಗ ಅದರ ಜೊತೆ ಒಂದು ಹಿಡಿ ಸೋನಾ ಮಸೂರಿಯೂ ಉದುರಿತು. ಯಾವುದೋ ಪ್ಯಾಕೆಟ್ ತೂತಾಗಿತ್ತು ಅಂತ ಕಾಣುತ್ತದೆ. ಹುಡುಗ ಆಮೇಲೆ ಏನೂ ಕೇಳಲಿಲ್ಲ.

ಬೂಟಿನ ಕತೆ ಇಳಿಯುವಾಗ ಶುರುವಾಯಿತು. ಅಂಗಡಿಯಲ್ಲಿ ಹಾಕಿ ನೋಡಿದ್ದು ಸಮತಟ್ಟು ನೆಲದ ಮೇಲೆ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುತ್ತದೆ, ದಿನವಿಡೀ ನಡೆದರೆ ಊದಿಕೊಳ್ಳುತ್ತದೆ, ಬೆರಳು ಹೋಗಿ ಬೂಟಿನ ತುದಿಗೆ ಗುದ್ದುತ್ತಲೇ ಇರುತ್ತದೆ. ಎರಡೂ ಹೆಬ್ಬೆರಳ ಉಗುರು ಕಪ್ಪಾದವು. ಈಗ ಒಂದು ಸೈಜ್ ದೊಡ್ಡದನ್ನು ತಂದಿದ್ದೇನೆ. ಹಳೆಯದನ್ನು ಹಾಕಿಕೊಂಡು ಭಾವಮೈದುನ ಓಡಾಡುತ್ತಿದ್ದಾನೆ. ಅವನಿಗೆ ಉಗುರಿನ ವಿಷಯ ಹೇಳಿಲ್ಲ.

ಟೆಂಟ್ ಪರೀಕ್ಷೆಗೆ ಹೊತ್ತು ನೋಡಲಿಲ್ಲ ಅನ್ನುವುದೇ ನನ್ನ ತಪ್ಪು. ಮಾರ್ಚ್ ತಿಂಗಳ ಭಾನುವಾರ. ಟೆರೇಸಿನಲ್ಲಿ ಅಮ್ಮ ಬೆಳಗ್ಗೆಯೇ ಪ್ಲಾಸ್ಟಿಕ್ ಹಾಳೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಹಾಳೆ ಹಾರದಂತೆ ನಾಲ್ಕು ಮೂಲೆಗೂ ಒಂದೊಂದು ಇಟ್ಟಿಗೆ. ನನ್ನ ಟೆಂಟಿಗೂ ನಾಲ್ಕು ಮೂಲೆ. ಕಾಂಕ್ರೀಟಿಗೆ ಗೂಟ ಹೊಡೆಯೋದು ಹೇಗೆ? ಐದೇ ನಿಮಿಷ, ಆಮೇಲೆ ವಾಪಸ್ ಇಡೋಣ ಎಂದುಕೊಂಡು ಆ ಇಟ್ಟಿಗೆಗಳನ್ನು ಎತ್ತಿಕೊಂಡೆ. ಟೆಂಟ್ ಚೆನ್ನಾಗಿ ನಿಂತಿತು. ಒಳಗೆ ಹೋಗಿ ಜಿಪ್ ಹಾಕಿ ಮಲಗಿದೆ. ಗಾಳಿ ಬಂತು. ಟೆಂಟ್ ಅಲ್ಲಾಡಲಿಲ್ಲ. ಭಲೇ ಎಂದುಕೊಂಡೆ. ಹೊರಗೆ ಬಂದು ನೋಡಿದರೆ ಪಕ್ಕದ ಕಟ್ಟಡದ ಡಿಶ್ ಆಂಟೆನಾದ ತುಂಬ ಸಂಡಿಗೆ.

ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಗೆಳೆಯ ಫೋನ್ ಮಾಡಿ, "ಟೆಂಟ್ ಯಾಕೋ ತಗೊಂಡೆ? ಆ ದಾರಿ ಉದ್ದಕ್ಕೂ ಊರೂರಲ್ಲಿ ಟೀ ಹೌಸ್ ಇದೆ, ಅಲ್ಲೇ ಮಲಗೋದು" ಎಂದ. ಊಟ ಏನು ಸಿಗುತ್ತದೆ ಎಂದು ಕೇಳಿದೆ. ದಾಲ್ ಭಾತ್ ಅಂತೆ, ಅಂದರೆ ಬೇಳೆ, ಅನ್ನ, ಪಲ್ಯ. ಕೇಳಿದಷ್ಟು ಬಡಿಸುತ್ತಾರಂತೆ. ಮೂರು ತಿಂಗಳು ಅಕ್ಕಿ ಹೊತ್ತಿದ್ದು ಪೂರ್ತಿ ವ್ಯರ್ಥವಾಗಲಿಲ್ಲ ಅನ್ನಿ.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಮೈನಸ್ ಹತ್ತು ಎಂದು ದೊಡ್ಡದಾಗಿ ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಆರಾಮವಾಗಿ ನಿದ್ದೆ ಬರುವುದು ಮೈನಸ್ ನಾಲ್ಕರವರೆಗೆ ಮಾತ್ರ ಎಂದಿತ್ತು. ಬೆಂಗಳೂರಿನ ಮಾರ್ಚ್‌ನಲ್ಲಿ ಇದನ್ನು ಎಲ್ಲಿ ಪರೀಕ್ಷೆ ಮಾಡೋದು? "ಫ್ರಿಜ್ ಖಾಲಿ ಮಾಡಿ ಕೊಡ್ಲಾ?" ಎಂದಳು ಹೆಂಡತಿ. ಕೊನೆಗೆ ಹಾಲ್‌ನಲ್ಲಿ ಫ್ಯಾನ್ ಐದಕ್ಕಿಟ್ಟು ಮಲಗಿದೆ. ಬೆಳಗ್ಗೆ ಕಸದ ಗಾಡಿಯ ಹಾಡು ಕೇಳಿ ಎಚ್ಚರವಾಯಿತು. ಜಿಪ್ ಎದೆಯ ಹತ್ತಿರ ಬಟ್ಟೆ ಕಚ್ಚಿಕೊಂಡು ಕೂತಿದೆ, ಮೇಲೂ ಇಲ್ಲ ಕೆಳಗೂ ಇಲ್ಲ. ಗಾಡಿ ಹೊರಟೇಬಿಡುತ್ತದೆ. ಒಂದು ಕೈ ಹೊರಗೆ ಹಾಕಿ ಹಸಿ ಕಸದ ಬಕೆಟ್ ಹಿಡಿದು ಲಿಫ್ಟಿನವರೆಗೆ ಕುಪ್ಪಳಿಸಿದೆ. ಬಾಗಿಲು ತೆರೆಯಿತು. ಒಳಗೆ ಮೂರನೇ ಮಹಡಿಯ ಅಜ್ಜಿ.

ತೂಕ ಇಳಿಸುವ ಹುಚ್ಚು ಆಮೇಲೆ ಹಿಡಿಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧ ಕತ್ತರಿಸಿದೆ. ಟವೆಲ್ ಬದಲು ತೆಳ್ಳನೆಯ ಪಂಚೆ ಇಟ್ಟೆ. ಒಟ್ಟು ತೂಕ ಎಷ್ಟಾಯಿತೆಂದು ನೋಡಲು ಮನೆಯ ತಕ್ಕಡಿ ಸಾಲದೆ ಬ್ಯಾಗನ್ನು ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಕೊಕ್ಕೆಗೆ ನೇತು ಹಾಕಿ ನೋಡಿದ.

"ಹನ್ನೊಂದೂವರೆ. ಎಲ್ಲ ಸೇರಿಸಿ ಹಾಕ್ತೀರೋ, ಪ್ಲಾಸ್ಟಿಕ್ ಬೇರೆ ಮಾಡ್ತೀರೋ?"

ಮನೆಗೆ ಬಂದಾಗ ಅಮ್ಮ ಕಾಯುತ್ತಿದ್ದರು. ಥೊರೊಂಗ್ ಲಾ ದಾಟಿ ಇಳಿದರೆ ಮುಕ್ತಿನಾಥ ಕ್ಷೇತ್ರ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಅವತ್ತಿನಿಂದ ಸಂಡಿಗೆಯ ಕೋಪ ಇಳಿದಿದೆ. ಅಲ್ಲಿ 108 ಧಾರೆಗಳಿವೆ, ಅಷ್ಟರ ಕೆಳಗೂ ಸ್ನಾನ ಮಾಡಿ ಬಾ ಎಂದರು. ಅದು 3,700 ಮೀಟರ್ ದಾಟಿದ ಜಾಗ, ನೀರು ಮಂಜುಗಡ್ಡೆಯ ಹಾಗೆ ಕೊರೆಯುತ್ತದಮ್ಮಾ ಎಂದೆ. "ಬಚ್ಚಲಲ್ಲಿ ಮಳೆ ಕೋಟು ಹಾಕ್ಕೊಂಡು ಶವರ್ ಕೆಳಗೆ ನಿಂತಿದ್ಯಲ್ಲ, ಅದೆಲ್ಲ ಯಾಕೆ ಮತ್ತೆ?" ಎಂದರು.

ಆಮೇಲೆ ದನಿ ತಗ್ಗಿಸಿದರು. "ಅಲ್ಲೇ ಕೆಳಗೆ ಗಂಡಕಿ ನದಿ. ಸಾಲಿಗ್ರಾಮ ಸಿಗೋದು ಅಲ್ಲೇ ಕಣೋ. ಒಂದು ತಗೊಂಡು ಬಾ."

"ಅಮ್ಮಾ, ಅದು ಕಲ್ಲು. ನಾನು ಬ್ರಷ್ ಕತ್ತರಿಸಿದ್ದೀನಿ."

"ದಿನಾ ಹತ್ತು ಕೆ.ಜಿ. ಅಕ್ಕಿ ಹೊತ್ಕೊಂಡು ಹತ್ತಿ ಇಳೀತಿದ್ದೆ. ಅಂಗೈಯಗಲದ ಸಾಲಿಗ್ರಾಮ ಭಾರ ಆಗುತ್ತೇನೋ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಚಿಕ್ಕಮ್ಮನ ಫೋನ್ ಬಂತು, ಅವರಿಗೂ ಒಂದು. ರಾತ್ರಿ ಮೈಸೂರಿನ ಸೋದರತ್ತೆ. ಹೊರಡಲು ಇನ್ನು ಹತ್ತು ದಿನವಿದೆ. ಅಮ್ಮನ ಪಟ್ಟಿಯಲ್ಲಿ ಈಗ ಏಳು ಮನೆ. ಕೊನೆಯ ಹೆಸರು, ಮೂರನೇ ಮಹಡಿಯ ಅಜ್ಜಿ.