ಕುಂಗ್‌ಫು ಚಿತ್ರಗಳಲ್ಲಿ ಕಲಿಯುವ ಅವಕಾಶ ಯಾರಿಗೆ?

ಹಾಂಗ್‌ಕಾಂಗ್‌ನ ಹಳೆಯ ಕುಂಗ್‌ಫು ಸಿನಿಮಾ ಅಂದ್ರೆ ನಮ್ಮಲ್ಲಿ ಮಾತು ಬ್ರೂಸ್ ಲೀಯಿಂದ ಶುರುವಾಗಿ ಜಾಕಿ ಚಾನ್‌ಗೆ ಬಂದು ನಿಲ್ಲುತ್ತದೆ. ನನಗೆ ಮೊದಲು ನೆನಪಾಗುವುದು ನಟಿ ಚೆಂಗ್ ಪೇಪೇ.

1966ರಲ್ಲಿ ಶಾ ಬ್ರದರ್ಸ್ ಸ್ಟುಡಿಯೋಗೆ ನಿರ್ದೇಶಕ ಕಿಂಗ್ ಹು ಮಾಡಿಕೊಟ್ಟ 'ಕಮ್ ಡ್ರಿಂಕ್ ವಿತ್ ಮಿ' ನೋಡಿ. ಡಕಾಯಿತರ ಕೈಗೆ ಸಿಕ್ಕ ಒಡಹುಟ್ಟಿದವನನ್ನು ಬಿಡಿಸಲು ಬಂದವಳು ಗಂಡುವೇಷದಲ್ಲಿ ಛತ್ರದೊಳಗೆ ಒಬ್ಬಳೇ ಕೂತಿದ್ದಾಳೆ. ಸುತ್ತಲೂ ಡಕಾಯಿತರು. ಅವಳಿಗೆ ಅವಸರವೇ ಇಲ್ಲ. ಬ್ಯಾಲೆ ಕಲಿತಿದ್ದ ಚೆಂಗ್ ಪೇಪೇಗೆ ಆಗ 20ರ ಆಸುಪಾಸು. ಕಿಂಗ್ ಹು ಹೊಡೆದಾಟಗಳನ್ನು ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕವಾದ ಪೀಕಿಂಗ್ ಒಪೆರಾದ ತಾಳಕ್ಕೆ ಕಟ್ಟುತ್ತಿದ್ದರು. ಅಲ್ಲಿ ತೋಳಿನ ಬಲಕ್ಕಿಂತ ಹೆಜ್ಜೆ ಮುಖ್ಯ. ಹಾಗಾಗಿ ಅವಳು ಅಷ್ಟು ಜನರನ್ನು ಎದುರಿಸಿದಾಗ ನಂಬೋದು ಕಷ್ಟ ಆಗಲ್ಲ.

ಎರಡೇ ವರ್ಷಕ್ಕೆ ಗಾಳಿ ತಿರುಗಿತು. ಅದೇ ಸ್ಟುಡಿಯೋದ ನಿರ್ದೇಶಕ ಚಾಂಗ್ ಚೆಹ್‌ಗೆ ಬೇಕಿದ್ದದ್ದು ಗಂಡಸರ ಕತೆಗಳು. 1968ರ 'ಗೋಲ್ಡನ್ ಸ್ವಾಲೋ' ಚೆಂಗ್ ಪೇಪೇಯ ಅದೇ ಪಾತ್ರದ ಹೆಸರಿಟ್ಟುಕೊಂಡ ಚಿತ್ರ. ಹೆಸರು ಅವಳದ್ದು, ಕತೆ ನಟ ಜಿಮ್ಮಿ ವಾಂಗ್ ಯು ಪಾತ್ರದ್ದು. ಇದು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ.

ಹಾಗಂತ ಚಾಂಗ್ ಚೆಹ್‌ರನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ. ಅವರ 1967ರ 'ಒನ್ ಆರ್ಮ್ಡ್ ಸ್ವೋರ್ಡ್ಸ್‌ಮನ್' ಚಿತ್ರದಲ್ಲಿ ಬಲಗೈ ಕಳೆದುಕೊಂಡ ಯುವಕ ಅರ್ಧ ಸುಟ್ಟ ಪುಸ್ತಕ ನೋಡಿ, ಮುರಿದ ಕತ್ತಿ ಹಿಡಿದು, ಎಡಗೈಯಲ್ಲಿ ವಿದ್ಯೆ ಕಲಿಯುತ್ತಾನೆ. 'ಅಯ್ಯೋ ಪಾಪ' ಅನ್ನಿಸಿ ಬಿಟ್ಟುಬಿಡುವುದಿಲ್ಲ, ಅವನ ಅಭ್ಯಾಸವನ್ನು ತಾಳ್ಮೆಯಿಂದ ತೋರಿಸುತ್ತಾರೆ. ಈ ಚಿತ್ರಗಳಲ್ಲಿ ಪಾತ್ರಕ್ಕೆ ಮರ್ಯಾದೆ ಸಿಗೋದೇ ಅಲ್ಲಿ. ಯಾರ ಕಲಿಕೆಗೆ ಕ್ಯಾಮೆರಾ ಸಮಯ ಕೊಡುತ್ತದೋ ಅವರನ್ನು ನಾವು ಮನುಷ್ಯರಾಗಿ ನೋಡುತ್ತೇವೆ. ಉಳಿದವರು ಏಟು ತಿನ್ನೋಕೆ ಬಂದವರು.

ಹೊರಗಿನವರಿಗೆ ಆ ಸಮಯ ಸಿಕ್ಕಿದ್ದು ತೀರಾ ಕಡಿಮೆ. ಜಪಾನಿನವರು ಜಾಸ್ತಿ ಸಲ ಖಳರೇ. ಚೀನಾ ಮೇಲೆ ಜಪಾನ್ ಮಾಡಿದ ಯುದ್ಧದ ಗಾಯ ಹಸಿಯಾಗಿತ್ತು, ಅದು ಅರ್ಥವಾಗುತ್ತದೆ. ಆದರೆ ಭಾರತೀಯರು ಏನು ಮಾಡಿದ್ದರು? 1976ರ 'ಮಾಸ್ಟರ್ ಆಫ್ ದಿ ಫ್ಲೈಯಿಂಗ್ ಗಿಲೋಟಿನ್' ಚಿತ್ರದಲ್ಲಿ ಒಬ್ಬ ಯೋಗಿ ಬರುತ್ತಾನೆ. ಚೀನೀ ನಟನ ಮೈಗೆ ಕಂದು ಬಣ್ಣ ಬಳಿದು ಮಾಡಿಸಿದ ಪಾತ್ರ. ತೋಳುಗಳು ರಬ್ಬರಿನ ಹಾಗೆ ಉದ್ದವಾಗುತ್ತವೆ. ಅವನಿಗೆ ಗುರು ಯಾರು, ಎಷ್ಟು ಬೆವರು ಸುರಿಸಿ ಕಲಿತ, ಒಂದೂ ಇಲ್ಲ. ಶಾವೊಲಿನ್ ಮಠದ ಐತಿಹ್ಯವೇ ಭಾರತದಿಂದ ಬಂದ ಬೋಧಿಧರ್ಮನಿಗೆ ಗುರುವಿನ ಜಾಗ ಕೊಟ್ಟಿದೆ. ಅದೇ ಪರಂಪರೆಗೆ ಕೈಮುಗಿಯುವ ಚಿತ್ರರಂಗಕ್ಕೆ ಭಾರತೀಯ ಅಂದ್ರೆ ಇಷ್ಟೇನಾ ಅಂತ ಬೇಜಾರಾಗುತ್ತದೆ.

ಇದನ್ನು ಬೇರೆ ಥರ ಮಾಡಬಹುದಿತ್ತು ಅಂತ ತೋರಿಸಿದವರು ನಿರ್ದೇಶಕ ಲಾವ್ ಕಾರ್‌ಲ್ಯೂಂಗ್. ಅವರೇ ದೊಡ್ಡ ಕುಂಗ್‌ಫು ಪಟು. ಅವರ ತಂದೆಯ ಗುರುವಿಗೆ ವಿದ್ಯೆ ಹೇಳಿಕೊಟ್ಟವರು ಹೆಸರಾಂತ ಕುಂಗ್‌ಫು ಗುರು ವಾಂಗ್ ಫೇಹುಂಗ್. 1978ರ 'ಹೀರೋಸ್ ಆಫ್ ದಿ ಈಸ್ಟ್'ನಲ್ಲಿ ಚೀನೀ ಗಂಡ, ಜಪಾನೀ ಹೆಂಡತಿ. ಯಾರ ವಿದ್ಯೆ ದೊಡ್ಡದು ಅಂತ ಮನೆಯಲ್ಲೇ ಜಗಳ. ಗಂಡ ಕಳಿಸಿದ ಸವಾಲಿನ ಪತ್ರವನ್ನು ತಪ್ಪಾಗಿ ತಿಳಿದು ಜಪಾನಿನ ಗುರುಗಳು ಸಾಲಾಗಿ ಬಂದಿಳಿಯುತ್ತಾರೆ. ಕತ್ತಿ, ಈಟಿ, ಕರಾಟೆ, ಜೂಡೋ, ನಿಂಜಾ, ಒಂದೊಂದಕ್ಕೂ ಅದರದ್ದೇ ನಿಯಮ, ಅದರದ್ದೇ ಘನತೆ. ಹೆಂಡತಿಯಾಗಿ ನಟಿಸಿದ ಯುಕಾ ಮಿಝುನೋ, ನಿಂಜಾ ಆದ ಯಾಸುವಾಕಿ ಕುರಾಟಾ ಇಬ್ಬರೂ ಜಪಾನಿನವರೇ. ಇಡೀ ಚಿತ್ರದಲ್ಲಿ ಒಬ್ಬರೂ ಸಾಯುವುದಿಲ್ಲ! ಆದರೆ ಗಂಡಸರು ಬಂದಮೇಲೆ ಆ ಹೆಂಡತಿ ಬದಿಗೆ ಸರಿಯುತ್ತಾಳೆ. ಮೊದಲರ್ಧದಲ್ಲಿ ಅಷ್ಟು ಚೆನ್ನಾಗಿ ಕಾದಾಡಿದವಳು ಆಮೇಲೆ ನಿಂತು ನೋಡುವವಳು.

ಮೂರು ವರ್ಷದ ಮೇಲೆ ಅದೇ ನಿರ್ದೇಶಕರು 'ಮೈ ಯಂಗ್ ಆಂಟಿ' ಮಾಡಿದರು. ಕಾರಾ ಹುಯಿ ಅದರಲ್ಲಿ ವಯಸ್ಸಲ್ಲಿ ಚಿಕ್ಕವಳು, ನಂಟಿನಲ್ಲಿ ಹಿರಿಯಳು. ನಡುವಯಸ್ಸು ದಾಟಿದ ಗಂಡಸು ಅವಳ ಮುಂದೆ ಮಂಡಿಯೂರಬೇಕು. ಆ ಪಾತ್ರವನ್ನು ನಿರ್ದೇಶಕರೇ ಮಾಡಿದ್ದಾರೆ. 1982ರಲ್ಲಿ ಮೊದಲ ಸಲ ಕೊಟ್ಟ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಅವಳಿಗೇ ಬಂತು. ಮೈತುಂಬ ಹೊಡೆದಾಟವಿರುವ ಪಾತ್ರಕ್ಕೆ! ದಯವಿಟ್ಟು ನೋಡಿ. ಕೊನೆಯ ದೊಡ್ಡ ಕಾಳಗ ಮಾತ್ರ ಅಲ್ಲೂ ಗಂಡಸರ ಪಾಲು. ಅದನ್ನೂ ಅವಳಿಗೇ ಕೊಡಬೇಕಿತ್ತು ಅಲ್ವಾ?